ದೊಡ್ಡಪ್ಪನ ಪಾಲಿನ ಹುಳುಗಳು

"ನಿಮ್ಮ ಹುಳ ತಿಂದೇ ನಮ್ಮ ದೊಡ್ಡಪ್ಪನ ಕಾಲು ನಡುಗ್ತಿರೋದು!"

ಗಾಜಿನ ಬಾಗಿಲು ತಳ್ಳಿದ ರಭಸಕ್ಕೆ ಪಂಜರದ ಹಕ್ಕಿಗಳೆಲ್ಲ ಒಮ್ಮೆಲೇ ಕಿರುಚಿಕೊಂಡವು. ಕೌಂಟರಿನ ಹಿಂದೆ ಕ್ಯಾರೆಟ್ ತುರಿಯುತ್ತಿದ್ದ ಅವಳ ಕೈ ಹಾಗೇ ನಿಂತಿತು.

ದೊಡ್ಡಪ್ಪ?! ಹುಳ ತಿಂದರಾ?!

"ಅಯ್ಯೋ ದೇವ್ರೇ... ಅದು ಮನುಷ್ಯರು ತಿನ್ನೋ ಹುಳ ಅಲ್ಲ ಸಾರ್! ಯಾರು ಕೊಟ್ಟಿದ್ದು ಅವರಿಗೆ?"

"ಕಪ್ಪೆ ರೀ! ದೊಡ್ಡಪ್ಪ ಅಂದ್ರೆ ನಮ್ಮ ಮನೆ ಕಪ್ಪೆ!"

ಬಂದವನು ಕೆಂಡಾಮಂಡಲವಾಗಿದ್ದ. ನೀಲಿ ಸಮವಸ್ತ್ರದ ತುಂಬ ಗ್ರೀಸಿನ ಕಲೆ, ಹೆಗಲಿಗೆ ಲಿಫ್ಟ್ ರಿಪೇರಿಯ ಸಾಮಾನಿನ ಚೀಲ. ಆದರೆ ಎರಡೂ ಕೈಯಲ್ಲಿ ಹಿಡಿದಿದ್ದ ರಟ್ಟಿನ ಡಬ್ಬಿಯನ್ನು ಮಾತ್ರ ಹಸುಗೂಸನ್ನು ಮಲಗಿಸುವಂತೆ ಮೆಲ್ಲಗೆ ಕೌಂಟರಿನ ಮೇಲಿಟ್ಟ.

ಅವಳು ಇಣುಕಿದಳು. ಒದ್ದೆ ಬಟ್ಟೆಯ ಮೇಲೆ ಅಂಗೈ ಅಗಲದ ಹಸಿರು ಕಪ್ಪೆ. ಮನೆಮಂದಿಯ ಮೇಲೆಲ್ಲ ಮುನಿಸಿಕೊಂಡ ಹಿರಿಯರ ಮುಖ. ಹಿಂಗಾಲುಗಳು ಸಣ್ಣಗೆ, ನಿಲ್ಲದೆ ನಡುಗುತ್ತಿದ್ದವು. ಎಗರಲು ನೋಡಿತು... ಪಕ್ಕಕ್ಕೆ ಉರುಳಿಬಿಟ್ಟಿತು.

ಅವಳು ತುರಿಮಣೆಯನ್ನು ಪಕ್ಕಕ್ಕಿಟ್ಟಳು.

ಅದು ಅವಳ ಚಿಕ್ಕಮ್ಮನ ಸಾಕುಪ್ರಾಣಿ ಅಂಗಡಿ. ಮುಂದೆ ಮೀನು, ಹಕ್ಕಿ, ಮೊಲ. ಹಿಂದಿನ ಬೆಚ್ಚಗಿನ ಕೋಣೆ ಮಾತ್ರ ಅವಳ ರಾಜ್ಯ. ಅಲ್ಲಿ ಪ್ಲಾಸ್ಟಿಕ್ ತೊಟ್ಟಿಗಳೊಳಗೆ, ಮೊಟ್ಟೆ ಜೋಡಿಸುವ ರಟ್ಟಿನ ಟ್ರೇಗಳ ಸಂದಿಗೊಂದಿಯಲ್ಲಿ ಸಾವಿರಾರು ಚಿಮ್ಮಂಡೆಗಳು ವಾಸವಾಗಿದ್ದವು. ಕತ್ತಲಾದರೆ ಎಲ್ಲೋ ಮೂಲೆಯಲ್ಲಿ ಕೂತು ಕಿರ್ ಕಿರ್ ಎನ್ನುತ್ತವಲ್ಲ, ಅದೇ ಹುಳು. ಕಪ್ಪೆ, ಹಲ್ಲಿ ಸಾಕಿದವರು ಬಂದು ಡಬ್ಬಿಗಟ್ಟಲೆ ಒಯ್ಯುತ್ತಿದ್ದರು. ಬೀದಿಯವರ ಬಾಯಲ್ಲಿ ಅವಳ ಹೆಸರೇ ಹುಳದ ಹುಡುಗಿ.

"ಹುಳ ತಗೊಂಡು ಹೋಗಿ ಎಷ್ಟು ದಿನ ಮನೇಲಿ ಇಟ್ಕೋತೀರಾ?" ಕೇಳಿದಳು.

"ಒಂದು ವಾರ. ಎರಡು ದಿನಕ್ಕೊಮ್ಮೆ ನಾಲ್ಕೈದು ಹಾಕ್ತೀನಿ."

"ಆ ವಾರ ಪೂರ್ತಿ ಹುಳಗಳಿಗೆ ತಿನ್ನೋಕೆ ಏನು ಕೊಡ್ತೀರಾ?"

ಅವನು ತಬ್ಬಿಬ್ಬಾದ. "ಹುಳಕ್ಕಾ? ಹುಳಕ್ಕೆ ಯಾರಾದ್ರೂ ಊಟ ಹಾಕ್ತಾರೇನ್ರೀ? ಅದೇ ಊಟ ಅಲ್ವಾ?"

"ಖಾಲಿ ತಟ್ಟೆ ಮುಂದಿಟ್ರೆ ನಿಮ್ಮ ಹೊಟ್ಟೆ ತುಂಬುತ್ತಾ?" ಈಗ ಸಿಟ್ಟಾಗುವ ಸರದಿ ಅವಳದು. "ಹಸಿದ ಹುಳ ಬರೀ ಸಿಪ್ಪೆ ಸಾರ್! ಅದರ ಹೊಟ್ಟೇಲಿ ಏನಿರುತ್ತೋ ಅದೇ ಕಪ್ಪೆಗೆ ಸೇರೋದು. ಹುಳಕ್ಕೆ ಎರಡು ದಿನ ಚೆನ್ನಾಗಿ ತಿನ್ನಿಸಿ, ಆಮೇಲೆ ಕಪ್ಪೆಗೆ ಹಾಕ್ಬೇಕು. ನೀವು ವಾರಗಟ್ಟಲೆ ಉಪವಾಸ ಕೆಡವಿದ ಹುಳ ತಿನ್ನಿಸಿದ್ದೀರಾ. ಮೂಳೆಗೆ ಶಕ್ತಿ ಎಲ್ಲಿಂದ ಬರ್ಬೇಕು ಆ ಜೀವಕ್ಕೆ?"

ಅವನು ಡಬ್ಬಿಯೊಳಗೆ ನೋಡಿದ. ಒದ್ದೆ ಬಟ್ಟೆ ಸರಿಪಡಿಸುತ್ತಾ ಹೇಳಿದ, "ಅಮ್ಮ ಸಾಕಿದ್ದು ಇದು. ಸಿಟ್ಟು ಬಂದಾಗ ನಮ್ಮ ದೊಡ್ಡಪ್ಪನ ಮುಖಾನೂ ಹೀಗೇ ಇರುತ್ತೆ ಅಂತ ಅವಳೇ ಹೆಸರಿಟ್ಟಿದ್ದು. ಅಮ್ಮ ಹೋಗಿ ಮೂರು ವರ್ಷ ಆಯ್ತು. ಅವಳು ನೋಡ್ಕೊಳ್ತಿದ್ದ ಹಾಗೆ ನನಗೆ... ಗೊತ್ತಾಗಲೇ ಇಲ್ಲ."

ಅವಳ ಸಿಟ್ಟು ಎಲ್ಲಿ ಹೋಯಿತೋ! ಅವನ ಕಣ್ಣಂಚಿನ ನೀರು ಕಂಡು ತನ್ನ ನಾಲಿಗೆಯನ್ನೇ ಕಚ್ಚಿಕೊಂಡಳು.

"ನಮ್ಮದೂ ತಪ್ಪಿದೆ ಸಾರ್," ಎಂದಳು ಮೆಲ್ಲಗೆ. "ಹುಳ ಕೊಟ್ವಿ, ಸಾಕೋ ರೀತಿ ಹೇಳಿಕೊಡಲಿಲ್ಲ. ಈಗಲೇ ಪ್ರಾಣಿ ಡಾಕ್ಟರ ಹತ್ತಿರ ಹೋಗಿ, ಕಾಲಿನ ಎಕ್ಸ್‌ರೇ ತೆಗೆಸಿ. ಔಷಧ ಅವರು ಕೊಡ್ಲಿ. ಊಟದ ಜವಾಬ್ದಾರಿ ನನಗಿರಲಿ. ಇನ್ಮೇಲೆ ನಿಮ್ಮ ಡಬ್ಬಿ ನಾನೇ ತಯಾರು ಮಾಡ್ತೀನಿ."

ಹೀಗೆ ಶುರುವಾಯಿತು ನೋಡಿ, ಗುರುವಾರದ ಕಥೆ. ಲಿಫ್ಟಿನವನಿಗೆ ಅರ್ಧ ದಿನ ರಜೆ ಸಿಗುತ್ತಿದ್ದುದು ಅಂದೇ.

ಮಂಗಳವಾರ ಸಂಜೆಯೇ ಅವಳು ದೊಡ್ಡಪ್ಪನ ಪಾಲಿನ ಹುಳುಗಳನ್ನು ಬೇರೆ ಮಾಡುತ್ತಿದ್ದಳು. ರೆಕ್ಕೆ ಮೂಡದ, ಮೆತ್ತಗಿನ ಎಳೆಯ ಹುಳುಗಳೇ ಆಗಬೇಕು. ಅವಕ್ಕೆ ತುರಿದ ಕ್ಯಾರೆಟ್, ಗೆಣಸು, ಕುಂಬಳಕಾಯಿಯ ತುಣುಕು, ಹೊಟ್ಟಿನ ಜೊತೆ ಅಳೆದು ಬೆರೆಸಿದ ಸುಣ್ಣದಂಶದ ಪುಡಿ. ನೀರಿನಲ್ಲಿ ಬಿದ್ದು ಸಾಯಬಾರದೆಂದು ಪುಟ್ಟ ಮುಚ್ಚಳದಲ್ಲಿ ಒದ್ದೆ ಹತ್ತಿ. ಸರಿಯಾಗಿ ಎರಡೇ ದಿನ ಈ ಔತಣ. ಆ ಪುಡಿ ಹೆಚ್ಚು ದಿನ ತಿಂದರೆ ಹುಳುಗಳೇ ಸಾಯುತ್ತವೆ, ಕಡಿಮೆಯಾದರೆ ಕಪ್ಪೆಗೆ ಏನೂ ದಕ್ಕುವುದಿಲ್ಲ.

"ನನಗೆ ಜ್ವರ ಬಂದಾಗಲೂ ನೀನು ಇಷ್ಟು ಸೇವೆ ಮಾಡಿಲ್ಲ ಕಣೇ!" ಎಂದು ಚಿಕ್ಕಮ್ಮ ಆಡಿಕೊಂಡರು.

"ಕಪ್ಪೆಗೆ ಹುಷಾರಿಲ್ಲ ಚಿಕ್ಕಮ್ಮ..."

"ಹೂಂ, ಕಪ್ಪೆಗೆ! ಅದಕ್ಕೇ ಗುರುವಾರ ಬೆಳಿಗ್ಗೆ ನೀನು ತಲೆಸ್ನಾನ ಮಾಡೋದು!"

ಅವಳ ಕೆನ್ನೆ ರಂಗೇರಿತು. ಆದರೆ ಮನಸ್ಸಿನ ಮೂಲೆಯಲ್ಲಿ ಒಂದು ಹಳೆಯ ನೋವು ಸುಮ್ಮನೆ ಚುಚ್ಚಿತು.

ಎರಡು ವರ್ಷ ಪ್ರೀತಿಸಿದ್ದವನೊಬ್ಬ, ಮದುವೆಯ ಮಾತು ಬಂದಾಗ ಅವಳ ಕೈ ಬಿಟ್ಟು ಹೋಗಿದ್ದ. 'ನಿನ್ನ ಕೈಯಲ್ಲಿ ಯಾವಾಗ್ಲೂ ಹುಳದ ವಾಸನೆ. ಮನೆಯವರಿಗೆ ನಿನ್ನನ್ನ ಏನಂತ ಪರಿಚಯ ಮಾಡಿಸ್ಲಿ?' ಎಂದಿದ್ದ. ಅಂದಿನಿಂದ ಅವಳು ಗಟ್ಟಿ ಮಾಡಿಕೊಂಡಿದ್ದಳು. ನನ್ನನ್ನು ಹುಡುಕಿಕೊಂಡು ಬರುವವರೆಲ್ಲ ಹುಳಕ್ಕೇ ಬರುತ್ತಾರೆ. ನನಗಾಗಿ ಯಾರೂ ಬರುವುದಿಲ್ಲ.

ಇವರು? ಇವರು ಬರೋದು ಹುಳಕ್ಕಾ... ನನಗಾ?

ಕೇಳುವ ಧೈರ್ಯ ಎಲ್ಲಿತ್ತು! ಕೇಳಿ, 'ಹುಳಕ್ಕೇ ಅಲ್ವಾ?' ಎಂದು ಅವನು ನಕ್ಕುಬಿಟ್ಟರೆ?

ಮೂರನೆಯ ತಿಂಗಳಲ್ಲೊಂದು ಗುರುವಾರ ಅವನು ಓಡಿಬಂದು ಫೋನ್ ಮುಂದೆ ಹಿಡಿದ. ಪರದೆಯ ಮೇಲೆ ದೊಡ್ಡಪ್ಪ! ಕೂತಲ್ಲಿಂದ ಚಂಗನೆ ಹಾರಿ ಗಾಜಿಗೆ ಅಂಟಿಕೊಂಡು, ಅದೇ ಮುನಿಸಿನ ಮುಖದಲ್ಲಿ ಇವರನ್ನೇ ನೋಡುತ್ತಿತ್ತು.

"ಹಾರಿದ್ರು!" ಅವಳು ಚಪ್ಪಾಳೆ ತಟ್ಟಿದಳು. "ದೊಡ್ಡಪ್ಪ ಹಾರಿದ್ರು!"

"ನಿಮ್ಮಿಂದ," ಎಂದ ಅವನು. ಅಷ್ಟೇ ಎಂದ. ಆದರೆ ಅವನ ನೋಟ ಫೋನಿನ ಮೇಲಿರಲಿಲ್ಲ.

ಆ ಒಂದು ಮಾತು ಅವಳನ್ನು ವಾರವೆಲ್ಲ ಕುಣಿಸಿತು. ಬೇರೆ ಗಿರಾಕಿಗಳಿಗೂ ಹೀಗೇ ಮಾಡಿಕೊಡೋಣ ಎಂದು ಚಿಕ್ಕಮ್ಮನನ್ನು ಒಪ್ಪಿಸಿದಳು. 'ಹೊಟ್ಟೆ ತುಂಬಿದ ಹುಳು ಇಲ್ಲಿ ಸಿಗುತ್ತದೆ' ಎಂದು ದಪ್ಪ ಅಕ್ಷರದಲ್ಲಿ ಬೋರ್ಡು ಬರೆದು ಬಾಗಿಲಿಗೆ ಹಾಕಿದಳು. ಮುಂದಿನ ಗುರುವಾರ ಅವನು ಬರುತ್ತಿದ್ದಂತೆ ಕೈ ಹಿಡಿದೇ ಎಳೆದು ತಂದು ತೋರಿಸಿದಳು.

"ಎಲ್ಲಾ ದೊಡ್ಡಪ್ಪನ ದಯೆ! ಹೇಗಿದ್ದಾರೆ? ನಿನ್ನೆ ಎಷ್ಟು ತಿಂದ್ರು?"

ಅವನು ಬೋರ್ಡನ್ನು ನೋಡಿದ. ಅವಳ ಮುಖ ನೋಡಿದ. ಇನ್ನೊಂದು ಕೈಯಲ್ಲಿದ್ದ ಲಕೋಟೆಯನ್ನು ಚೀಲದೊಳಗೆ ತುರುಕಿದ.

"...ಐದು," ಎಂದ.

ಅಲ್ಲಿಂದಾಚೆಗೆ ಅವನು ಯಾಕೋ ಬದಲಾದ. ಬರುವುದು ತಪ್ಪಲಿಲ್ಲ, ಮೊದಲಿಗಿಂತ ಹೆಚ್ಚು ಹೊತ್ತೇ ನಿಲ್ಲುತ್ತಿದ್ದ. ಆದರೆ ದೊಡ್ಡಪ್ಪನ ಮಾತೆತ್ತಿದರೆ ಒಂದೇ ಉತ್ತರ, "ಐದು ತಿಂದ್ರು." ವಿಡಿಯೋ ಕೇಳಿದರೆ ಫೋನ್ ಕೆಟ್ಟಿದೆ. ಅದರ ಬದಲು ಹುಳುಗಳ ವಿಷಯವೇ ಕೇಳುತ್ತಿದ್ದ. ಅವಕ್ಕೆ ಚಳಿಯಾಗುತ್ತದಾ? ಕ್ಯಾರೆಟ್ ಬೇಸರ ಬಂದರೆ ಬೇರೆ ಏನು ಕೊಡಬಹುದು?

ಬೇಸರ ಬಂದಿರೋದು ಹುಳಗಳಿಗಲ್ಲ, ಇವರಿಗೇ... ಎಂದುಕೊಂಡಳು ಅವಳು. ಕಪ್ಪೆ ಹುಷಾರಾಯಿತು. ಇನ್ನು ಈ ಹುಡುಗಿ ಯಾಕೆ ಬೇಕು?

ಪಾಪ, ಅವಳಿಗೇನು ಗೊತ್ತು!

ಗೊತ್ತಾದದ್ದು ಒಂದು ಡಬ್ಬಿಯಿಂದ. ಪ್ರತಿ ವಾರ ಅವನು ಹಳೆಯ ಡಬ್ಬಿ ತೊಳೆದು ತಂದುಕೊಟ್ಟು, ತುಂಬಿದ ಡಬ್ಬಿ ಒಯ್ಯುತ್ತಿದ್ದ. ಆ ಗುರುವಾರ ಕೆಲಸಕ್ಕೆ ಕರೆ ಬಂತೆಂದು ಅವಸರದಲ್ಲಿ ಡಬ್ಬಿ ಬದಲಾಯಿಸಿ ಹೊರಟುಹೋದ. ಅವಳು ಮುಚ್ಚಳ ತೆಗೆದರೆ, ಡಬ್ಬಿ ತೊಳೆದಿರಲಿಲ್ಲ. ಮೂಲೆಯಲ್ಲಿ ಒದ್ದೆ ಹತ್ತಿ ಹಾಗೇ ಇತ್ತು. ಹತ್ತಿಯ ಮೇಲೆ ಏನೋ ಹರಿದಾಡಿತು.

ಬೆಳಕಿಗೆ ಹಿಡಿದಳು. ಎಳ್ಳಿಗಿಂತ ಸಣ್ಣ ಮರಿಗಳು! ಹತ್ತಲ್ಲ, ಇಪ್ಪತ್ತಲ್ಲ... ಬುಳುಬುಳು ಮರಿಗಳು!

ಮುಚ್ಚಳ ಕೆಳಗಿಟ್ಟು ದಿನಗಳನ್ನು ಲೆಕ್ಕ ಹಾಕಿದಳು.

ತಾನು ಕೊಟ್ಟದ್ದು ರೆಕ್ಕೆ ಮೂಡದ ಎಳೆಯ ಹುಳು. ಅವು ಬೆಳೆದು ರೆಕ್ಕೆ ಬರಲು ವಾರಗಳು ಬೇಕು. ಮೊಟ್ಟೆಯಿಟ್ಟು ಮರಿಯಾಗಲು ಇನ್ನೂ ಹತ್ತು ಹನ್ನೆರಡು ದಿನ. ಅಂದರೆ ಈ ಡಬ್ಬಿಯ ಹುಳುಗಳನ್ನು ತಿಂಗಳಾದರೂ ಯಾರೂ ತಿಂದಿಲ್ಲ. ಎರಡು ದಿನಕ್ಕೊಮ್ಮೆ ಐದು ತಿನ್ನುವ ಕಪ್ಪೆಯಿದ್ದ ಮನೆಯಲ್ಲಿ ಹುಳು ಮುದಿಯಾಗಿ ಮೊಮ್ಮಕ್ಕಳನ್ನು ಕಾಣುವುದುಂಟೇ?

ಹಾಗಾದರೆ ದೊಡ್ಡಪ್ಪನಿಗೆ ಊಟ ಹಾಕುತ್ತಲೇ ಇಲ್ಲವಾ? ಉಪವಾಸ ಕೆಡವಿದ್ದಾರಾ?!

"ಚಿಕ್ಕಮ್ಮ, ಅಂಗಡಿ ನೋಡ್ಕೊಳ್ಳಿ!"

ಗಿರಾಕಿಗಳ ಪುಸ್ತಕದಲ್ಲಿ ವಿಳಾಸವಿತ್ತು. ಎರಡು ಬೀದಿ ದಾಟಿ, ಮೂರು ಮಹಡಿ ಹತ್ತಿ ಕರೆಗಂಟೆ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಕೊನೆಗೆ ಬಾಗಿಲು ಬಡಿದಳು.

ಬಾಗಿಲು ತೆರೆದವರು ಬನಿಯನ್ ತೊಟ್ಟ ಹಿರಿಯರು. ಅವನ ಅಪ್ಪನೇ ಇರಬೇಕು, ಅದೇ ಮೂಗು. ಕಿವಿಯ ಮಿಷನ್ನು ಕಿವಿಯಲ್ಲಿರಲಿಲ್ಲ, ಜೇಬಿನಿಂದ ತೆಗೆದು ಸಿಕ್ಕಿಸಿಕೊಂಡರು.

"ಯಾರಮ್ಮ?"

"ಅಂಕಲ್, ನಾನು ಹುಳದ ಅಂಗಡಿಯವಳು. ದೊಡ್ಡಪ್ಪ ಎಲ್ಲಿ? ಹೇಗಿದ್ದಾರೆ?"

"ಕಪ್ಪೆನಾ? ಅದೆಲ್ಲಿದೆ ತಾಯಿ! ಅದು ಹೋಗಿ ಏಳು ವಾರ ಆಯ್ತಲ್ಲ!" ಹಿರಿಯರು ನಿಟ್ಟುಸಿರು ಬಿಟ್ಟು ಒಳಗೆ ಕೈ ತೋರಿಸಿದರು. "ಈಗಿರೋದು ಇವೇ. ಒಂದು ಕಪ್ಪೆ ಹೋಯ್ತು, ನೂರು ಸಂಗೀತಗಾರರು ಬಂದ್ರು! ಈ ಗಲಾಟೆಗೆ ಕಿವಿ ಮಿಷನ್ ತೆಗೆದಿಟ್ಟೇ ಬದುಕ್ತಿದೀನಿ. ಅಲ್ಲಮ್ಮ, ನೀನಾದ್ರೂ ಹೇಳ್ಬಾರದಾ ಅವನಿಗೆ?"

ಅವಳು ಒಳಗೆ ನೋಡಿದಳು. ಕಿಟಕಿಯ ಬಳಿ ಒರೆಸಿ ಒಣಗಿಸಿದ ಖಾಲಿ ಗಾಜಿನ ಪೆಟ್ಟಿಗೆ. ಅದರ ಪಕ್ಕದ ಮೇಜಿನ ಉದ್ದಕ್ಕೂ ಡಬ್ಬಿಗಳ ಸಾಲು. ಒಂದೊಂದಕ್ಕೂ ಕ್ಯಾರೆಟ್, ಗೆಣಸು, ಒದ್ದೆ ಹತ್ತಿ. ಹಗಲಲ್ಲೇ ಕಿರ್ರೋ ಎಂಬ ಸದ್ದು ಮನೆ ತುಂಬಿತ್ತು.

ಏಳು ವಾರ! ಏಳು ವಾರದಿಂದ 'ಐದು ತಿಂದ್ರು, ಐದು ತಿಂದ್ರು' ಎಂದು...

ಹಿಂದೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿತು. ತಿರುಗಿದರೆ ಅವನೇ. ದಾರಿಯಲ್ಲಿ ತಪ್ಪು ಡಬ್ಬಿ ಕೊಟ್ಟದ್ದು ನೆನಪಾಗಿ, ಅಂಗಡಿಗೆ ಓಡಿ, ಅಲ್ಲಿಂದ ಇಲ್ಲಿಗೆ ಓಡಿಬಂದಿದ್ದ. ಏದುಸಿರು ಬಿಡುತ್ತಿದ್ದ.

"ನಾನು... ಹೇಳ್ತೀನಿ... ದಯವಿಟ್ಟು..."

"ಏನು ಹೇಳ್ತೀರಾ?" ಅವಳು ಡಬ್ಬಿಗಳ ಸಾಲಿನತ್ತ ಕೈ ತೋರಿಸಿದಳು. "ಆ ಬೋರ್ಡು ನೋಡಿ ದಿನಾ ಜನ ಬರ್ತಿದ್ದಾರೆ. ನಮ್ಮ ಹುಳ ತಿಂದು ಒಂದು ಕಪ್ಪೆ ಎದ್ದು ಓಡಾಡ್ತಿದೆ ಅಂತ ನಾನು ಎಲ್ಲರಿಗೂ ಹೇಳ್ತಿದೀನಿ! ಅದು ಸತ್ತಿದ್ದು ನನ್ನ ಊಟದಿಂದಲೇ ಆಗಿದ್ರೆ? ನಾನು ಬೆರೆಸೋ ಪುಡಿ ಹೆಚ್ಚಾಗಿದ್ರೆ? ನೀವು ಬಾಯಿ ಮುಚ್ಕೊಂಡಿದ್ರೆ ನನ್ನ ತಪ್ಪು ನನಗೆ ಗೊತ್ತಾಗೋದು ಹೇಗೆ? ಇನ್ನೆಷ್ಟು ಕಪ್ಪೆಗಳಿಗೆ ಅದನ್ನೇ ತಿನ್ನಿಸ್ಲಿ?"

"ನಿಮ್ಮ ತಪ್ಪಲ್ಲ! ಅದು..."

"ನಿಮ್ಮ ಮಾತನ್ನ ಇನ್ನು ಹೇಗೆ ನಂಬ್ಲಿ?"

ಕಣ್ಣೀರು ಕಾಣದಿರಲೆಂದು ದಡದಡನೆ ಮೆಟ್ಟಿಲಿಳಿದು ಹೋಗಿಬಿಟ್ಟಳು.

ಮರುದಿನವೇ ಬೋರ್ಡು ಕೆಳಗಿಳಿಯಿತು. ಬಂದವರಿಗೆಲ್ಲ, "ಸದ್ಯಕ್ಕೆ ಮಾಮೂಲಿ ಹುಳ ಮಾತ್ರ. ಊಟದ ವಿಷಯ ಡಾಕ್ಟರನ್ನ ಕೇಳಿ," ಎಂದಳು. ಮಂಗಳವಾರ ಸಂಜೆ ಕೈ ತಾನಾಗಿ ಗೆಣಸಿನತ್ತ ಹೋಯಿತು. ಹಿಂದಕ್ಕೆಳೆದುಕೊಂಡಳು. ಗುರುವಾರ ಬಂತು, ಅವನು ಬರಲಿಲ್ಲ. ಇನ್ನು ಬರಬೇಡಿ ಎಂದು ಚಿಕ್ಕಮ್ಮನಿಂದ ಫೋನಿನಲ್ಲಿ ಹೇಳಿಸಿದವಳು ತಾನೇ, ಆದರೂ ಬಾಗಿಲು ಸದ್ದಾದಾಗಲೆಲ್ಲ ತಲೆಯೆತ್ತಿದಳು.

ಅವಳ ಮನಸ್ಸು ಕಪ್ಪೆಯನ್ನು ತಕ್ಕಡಿಗೆ ಹಾಕಿದಂತಾಗಿತ್ತು. ಸಿಟ್ಟನ್ನು ಹಿಡಿದು ಕೂರಿಸಿದರೆ ನೆನಪು ಹೊರಗೆ ಹಾರುತ್ತಿತ್ತು. ನೆನಪನ್ನು ಹಿಡಿದು ತಂದರೆ ಸಿಟ್ಟು ಜಾರಿಕೊಳ್ಳುತ್ತಿತ್ತು.

ಚಿಕ್ಕಮ್ಮ ಮೀನಿನ ತೊಟ್ಟಿ ತೊಳೆಯುತ್ತಾ ಕೇಳಿದರು, "ಏನೇ, ಇನ್ನೂ ಎಷ್ಟು ದಿನ ಹೀಗೆ ಮುಖ ಊದಿಸ್ಕೊಂಡಿರ್ತೀಯಾ?"

"ಅವರು ಸುಳ್ಳು ಹೇಳಿದ್ರು ಚಿಕ್ಕಮ್ಮ!"

"ಹೇಳಿದ. ಅದು ತಪ್ಪೇ. ಎದುರಿಗೆ ನಿಲ್ಲಿಸಿ ನಾಲ್ಕು ಬೈ, ನಾನು ಬೇಡ ಅನ್ನಲ್ಲ. ಆದ್ರೆ ಒಂದು ಹೇಳು... ಕಪ್ಪೆ ಇಲ್ದೋನಿಗೆ ಹುಳ ಯಾಕೆ ಬೇಕಿತ್ತು?"

"ಯಾಕೆ ಅಂದ್ರೆ..."



"ಮರಿ ನೋಡಿ ತಿಂಗಳಿಂದ ಕಪ್ಪೆ ತಿಂದಿಲ್ಲ ಅಂತ ಪತ್ತೆ ಹಚ್ಚಿದ ಜಾಣೆ ನೀನು! ಇಷ್ಟು ದೊಡ್ಡ ಗಂಡಸು ಕಣ್ಣೆದುರಿಗೆ ನಿಂತಿದ್ದು ಕಾಣಲಿಲ್ವಾ ನಿನಗೆ?" ಚಿಕ್ಕಮ್ಮ ತೊಟ್ಟಿಯ ನೀರನ್ನು ದಬಕ್ಕೆಂದು ಚೆಲ್ಲಿದರು. "ಕೂಗಾಡೋ ಹುಳಗಳನ್ನ ಒಂದನ್ನೂ ಸಾಯಿಸದೆ, ಮನೆಯವರ ನಿದ್ದೆ ಕೆಡಿಸಿ ಯಾಕೆ ಸಾಕ್ದ? ನೀನು ಕೈಯಾರೆ ತಿನ್ನಿಸಿದ್ದು ಅಂತ!"

ಅವಳು ಹಾಗೇ ಹಕ್ಕಿಗಳ ಕಾಳಿನ ಮೂಟೆಯ ಮೇಲೆ ಕುಸಿದು ಕೂತಳು.

ಹುಳಕ್ಕಾ, ನನಗಾ? ಎಂದು ತಿಂಗಳುಗಟ್ಟಲೆ ಒಳಗೊಳಗೇ ಕೇಳಿಕೊಂಡಿದ್ದಳು. ಉತ್ತರ ಏಳು ವಾರದಿಂದ ಕೌಂಟರಿನ ಮುಂದೆ ಬಂದು ನಿಲ್ಲುತ್ತಿತ್ತು!

ಅವನ ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಅಪ್ಪ.

"ಅಂಕಲ್, ಅವರು ಎಲ್ಲಿದ್ದಾರೆ?"

"ಯಾರು? ಹುಳದ ಹುಡುಗಿನಾ? ಜೋರಾಗಿ ಮಾತಾಡಮ್ಮ, ಇಲ್ಲಿ ಸಂಗೀತ ಕಚೇರಿ ನಡೀತಿದೆ!" ಎಂದು ಕೂಗಿ, ಹಿರಿಯರು ತಾವೇ ಮುಂದುವರಿದರು. "ನೂಲು ವ್ಯಾಪಾರಿಗಳ ಆಫೀಸ್ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿದೆಯಂತೆ, ಬೆಳಿಗ್ಗೆನೇ ಹೋದ. ಒಂದು ವಾರದಿಂದ ಸರಿಯಾಗಿ ಊಟ ಮಾಡ್ತಿಲ್ಲ ಕಣಮ್ಮ. ಹುಳಗಳಿಗೆ ಮಾತ್ರ ಹೊತ್ತು ಹೊತ್ತಿಗೆ ಹಾಕ್ತಾನೆ!"

ಐದು ಮಹಡಿಯ ಕಟ್ಟಡ. ಕೆಳಗೆ 'ಲಿಫ್ಟ್ ದುರಸ್ತಿಯಲ್ಲಿದೆ' ಎಂಬ ಹಲಗೆ. ಅವಳು ಮೆಟ್ಟಿಲು ಹತ್ತಿದಳು. ನಾಲ್ಕನೆಯ ಮಹಡಿಗೆ ಬರುವಷ್ಟರಲ್ಲಿ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಅಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು, ಮುಂದೆ ಹಳದಿ ತಡೆಗಂಬಿ. ಲಿಫ್ಟಿನ ಪೆಟ್ಟಿಗೆ ಕೆಳಗೆ ನಿಂತಿದ್ದು, ಅದರ ತಾರಸಿಯ ಮೇಲೆ ಅವನು ನಿಂತಿದ್ದ. ಇವಳ ಮೊಣಕಾಲಿನ ಮಟ್ಟಕ್ಕೆ ಅವನ ಮುಖ. ಹಣೆಗೆ ಕಟ್ಟಿದ ದೀಪದ ಬೆಳಕು ಎಣ್ಣೆ ಮೆತ್ತಿದ ಹಗ್ಗಗಳ ಮೇಲೆ ಬೀಳುತ್ತಿತ್ತು.

ಅವನು ತಲೆಯೆತ್ತಿದ. ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಠಣ್ ಎಂದಿತು.

"ನೀವು... ಇಲ್ಲಿ?"

ಅವಳು ತಡೆಗಂಬಿಯ ಈಚೆ ನೆಲದ ಮೇಲೆ ಕೂತುಬಿಟ್ಟಳು. ಈಗ ಇಬ್ಬರ ಕಣ್ಣೂ ಒಂದೇ ಮಟ್ಟದಲ್ಲಿದ್ದವು.

"ದೊಡ್ಡಪ್ಪ ಹೇಗೆ ಹೋದ್ರು?" ಕೇಳಿದಳು.

ಅವನು ಕೈ ಒರೆಸಿಕೊಂಡು, ಕಾಲ ಬಳಿಯ ಚೀಲದಿಂದ ಒಂದು ಲಕೋಟೆ ತೆಗೆದ. ಒಳಗೆ ಎರಡು ಎಕ್ಸ್‌ರೇ ಹಾಳೆ. ಹಣೆಯ ದೀಪ ಬಿಚ್ಚಿ ಒಂದರ ಹಿಂದೆ ಹಿಡಿದ.

"ಇದು ನಿಮ್ಮ ಹತ್ತಿರ ಜಗಳ ಆಡಿದ ದಿನ ತೆಗೆಸಿದ್ದು. ಕಾಲಿನ ಮೂಳೆ ನೋಡಿ... ಕಾಣೋದೇ ಕಷ್ಟ. ಇದು ಅವರು ಹೋದ ದಿನದ್ದು."

ಎರಡನೆಯದರಲ್ಲಿ ಹಿಂಗಾಲಿನ ಮೂಳೆಗಳು ಬೆಳ್ಳಗೆ, ನೆಟ್ಟಗೆ, ಗಟ್ಟಿಯಾಗಿ ಕಂಡವು.

"ಸತ್ತ ಮೇಲೆ ಎಕ್ಸ್‌ರೇ ತೆಗೆಸಿದ್ರಾ?!"

"ಡಾಕ್ಟರೂ ಹಾಗೇ ಕೇಳಿದ್ರು. ನಿಮಗೆ ಗೊತ್ತಾದ್ರೆ ಮೊದಲು ನಿಮ್ಮನ್ನೇ ಬೈಕೊಳ್ತೀರಾ ಅಂತ ನನಗೆ ಗೊತ್ತಿತ್ತು. ಅದಕ್ಕೇ ತೆಗೆಸ್ದೆ." ಅವನ ದನಿ ತಗ್ಗಿತು. "ವಯಸ್ಸಾಗಿತ್ತಂತೆ. ಹದಿನೈದು ದಾಟಿತ್ತು. ಕೊನೆ ವಾರ ಚೆನ್ನಾಗಿ ಹಾರಾಡ್ಕೊಂಡು ಇದ್ರು, ಒಂದು ಬೆಳಿಗ್ಗೆ ಎದ್ದೇಳಲಿಲ್ಲ ಅಷ್ಟೇ. ನಿಮ್ಮ ಊಟದಲ್ಲಿ ಯಾವ ತಪ್ಪೂ ಇಲ್ಲ. ಬೇಕಾದ್ರೆ ಡಾಕ್ಟರನ್ನೇ ಕೇಳಿ, ನನ್ನ ಮಾತು ನಂಬಬೇಡಿ."

ಅವಳು ಆ ಬಿಳಿ ಮೂಳೆಗಳನ್ನೇ ನೋಡಿದಳು. ಒಮ್ಮೆಯೂ ಕೈಯಲ್ಲಿ ಹಿಡಿಯದ, ಆದರೆ ವಾರ ವಾರವೂ ಉಣಿಸಿದ ಜೀವ. ಎಂಟು ವಾರ ತಡವಾಗಿ ಅವಳಿಗೆ ದುಃಖ ಉಕ್ಕಿ ಬಂತು. ಸೆರಗು ವೇಲುಗಳ ಗೊಡವೆಯಿಲ್ಲದೆ ಅಂಗಡಿಯ ಏಪ್ರನ್ನಿನಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅವನು ಸುಮ್ಮನೆ ದೀಪ ಆರಿಸಿ, ಅವಳ ಅಳು ಮುಗಿಯುವವರೆಗೂ ಕಾದ. ಅವನ ಕಣ್ಣೂ ಒಣಗಿರಲಿಲ್ಲ.

"ಅವತ್ತೇ ಹೇಳ್ಬಹುದಿತ್ತಲ್ಲ?" ಬಿಕ್ಕುತ್ತಾ ಕೇಳಿದಳು.

"ಹೇಳೋಕೇ ಬಂದೆ. ಈ ಲಕೋಟೆ ಕೈಯಲ್ಲೇ ಇತ್ತು. ನೀವು ನನ್ನ ಕೈ ಹಿಡ್ಕೊಂಡು ಬೋರ್ಡ್ ತೋರಿಸಿದ್ರಿ. ಅಷ್ಟು ಖುಷಿಯಾಗಿದ್ದ ನಿಮ್ಮನ್ನ ನಾನು ನೋಡೇ ಇರಲಿಲ್ಲ. 'ಐದು' ಅಂದ್ಬಿಟ್ಟೆ."

"ಮುಂದಿನ ವಾರ?"

"ಮುಂದಿನ ವಾರ ಹೇಳಿದ್ರೆ..." ಅವನು ತಲೆ ತಗ್ಗಿಸಿದ. "ಅದರ ಮುಂದಿನ ವಾರ ಬರೋಕೆ ನನಗೆ ನೆಪ ಎಲ್ಲಿತ್ತು?"

ಅವಳು ತಡೆಗಂಬಿಯತ್ತ ಇನ್ನಷ್ಟು ಸರಿದಳು. ಇಷ್ಟು ಹತ್ತಿರ ಬಂದ ಮಾತನ್ನು ಇನ್ನು ಬಿಟ್ಟುಕೊಡಲಾರೆ.

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಬೇಡಿ. ಕಪ್ಪೆ ಇಲ್ಲ ಅಂದ್ಮೇಲೆ ಯಾಕೆ ಬರ್ತಿದ್ರಿ? ನೇರವಾಗಿ ಹೇಳಿ."

"ನಿಮಗೋಸ್ಕರ."

ಎಷ್ಟು ಸಣ್ಣ ಮಾತು! ಅದನ್ನು ಕೇಳಲು ಎಷ್ಟು ವರ್ಷ ಕಾದಿದ್ದಳು!

"ಯಾವಾಗಿಂದ ಅಂತ ಕೇಳಿದ್ರ?" ಎಂದ ಅವನು, ಅವಳು ಕೇಳದಿದ್ದರೂ. "ಊಟಕ್ಕೂ ಊಟ ಹಾಕ್ಬೇಕು ಅಂತ ನನಗೆ ಬೈದ್ರಲ್ಲ, ಆವತ್ತಿಂದ. ಯಾರೋ ತಿಂದು ಮುಗಿಸೋ ಹುಳದ ಹಸಿವನ್ನೂ ಯೋಚನೆ ಮಾಡೋ ಮನುಷ್ಯರನ್ನ ನಾನು ಕಂಡಿರಲಿಲ್ಲ. ಸುಳ್ಳು ಹೇಳಿದ್ದು ತಪ್ಪು. ನಿಮ್ಮ ಕೆಲಸದ ಜೊತೆ ಆಟ ಆಡಿದ ಹಾಗಾಯ್ತು, ಅದು ಇನ್ನೂ ದೊಡ್ಡ ತಪ್ಪು. ಹೊಟ್ಟೆಗೆ ಹಾಕ್ಕೊಳ್ಳೋಕಾಗಲ್ಲ ಅಂದ್ರೂ ಸರಿ, ನನಗೆ ಅರ್ಥ ಆಗುತ್ತೆ."

ಅವಳು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

"ನನ್ನ ಕೈ ಯಾವಾಗ್ಲೂ ಹುಳದ ವಾಸನೆ ಬರುತ್ತೆ. ಎಷ್ಟು ತೊಳೆದ್ರೂ ಹೋಗಲ್ಲ. ಒಬ್ಬರು ಅದಕ್ಕೇ ಬಿಟ್ಟು ಹೋದ್ರು. ನಾಳೆ ನಿಮಗೂ..."

ಅವನು ತಡೆಗಂಬಿಯ ಕೆಳಗಿನಿಂದ ತನ್ನ ಅಂಗೈ ಚಾಚಿದ. ಗೆರೆಗೆರೆಯಲ್ಲೂ ಕಪ್ಪು ಗ್ರೀಸು.

"ಇದು ಹತ್ತು ವರ್ಷದ್ದು. ಸೋಪು, ಸೀಮೆಎಣ್ಣೆ, ನಿಂಬೆಹಣ್ಣು, ಎಲ್ಲಾ ಸೋತಿವೆ. ನಿಮಗೆ ಅಡ್ಡಿ ಇಲ್ವಾ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ತನ್ನ ಕೈಯನ್ನು ಆ ಅಂಗೈಯೊಳಗಿಟ್ಟಳು. ಗ್ರೀಸು ಮೆತ್ತಿದರೆ ಮೆತ್ತಲಿ.

ಮೇಲಿನ ಮಹಡಿಯಿಂದ ಯಾರೋ ಕೂಗಿದರು, "ಏನಪ್ಪಾ, ಲಿಫ್ಟ್ ಇವತ್ತು ಶುರು ಆಗುತ್ತಾ ಇಲ್ವಾ?"

"ಆಗುತ್ತೆ ಸಾರ್! ಐದು ನಿಮಿಷ!" ಎಂದು ಕೂಗಿದ, ಕೈ ಬಿಡದೆ.

"ಮತ್ತೆ ಐದು!" ಅವಳು ಹುಬ್ಬೇರಿಸಿದಳು. "ನಿಮಗೆ ಬೇರೆ ಸಂಖ್ಯೆನೇ ಬರಲ್ವಾ?"

ಇಬ್ಬರೂ ನಕ್ಕರು. ನಕ್ಕು ನಕ್ಕು ಸುಸ್ತಾದ ಮೇಲೆ ಅವನು ಮೆಲ್ಲಗೆ ಕೇಳಿದ.

"ಮತ್ತೆ... ನಾನು ಅಂಗಡಿಗೆ ಬರಬಹುದಾ? ಒಂದು ಡಬ್ಬಿ ಹುಳ..."

"ಇನ್ನೊಂದು ಹುಳ ಕೊಡಲ್ಲ! ಅಂಕಲ್ ಕಿವಿ ಉಳೀಬೇಕು. ಮನೇಲಿರೋದನ್ನೆಲ್ಲ ವಾಪಸ್ ತಂದ್ಬಿಡಿ, ನಾನು ನೋಡ್ಕೋತೀನಿ. ಆಮೇಲಿಂದ ಬರಿಗೈಲಿ ಬನ್ನಿ."

"ಬರಿಗೈಲಿ ಬಂದ್ರೆ ಚಿಕ್ಕಮ್ಮ ಏನು ಬೇಕು ಅಂತ ಕೇಳ್ತಾರಲ್ಲ? ಏನಂತ ಹೇಳ್ಲಿ?"

ಅವಳು ಅವನ ಕಣ್ಣನ್ನೇ ನೋಡಿದಳು. ಈ ಸಲ ನೋಟ ತಪ್ಪಿಸಲಿಲ್ಲ.

"ನನ್ನನ್ನ ನೋಡೋಕೆ ಬಂದೆ ಅಂತ ಹೇಳಿ," ಎಂದಳು. "ನಿಜ ಹೇಳೋದು ಅಭ್ಯಾಸ ಆಗ್ಲಿ."